ಒಬ್ಬರೇ ದುಡಿಯುವ ಮನೆ

ಮಾರ್ಚ್ 4

ಅತ್ತೆಗೆ ನಮಸ್ಕಾರ.

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀವು "ಊಟ ಆಯ್ತಾ?" ಅನ್ನುತ್ತೀರಿ, ನಾನು "ಆಯ್ತು, ನಿಮ್ದು?" ಅನ್ನುತ್ತೇನೆ, ಆಮೇಲೆ ಇಬ್ಬರೂ ಒಬ್ಬರ ಉಸಿರು ಇನ್ನೊಬ್ಬರು ಕೇಳುತ್ತಾ ಕೂರುತ್ತೇವೆ. ನಿಮ್ಮ ಮಗ ಹೋಗಿ ಹತ್ತು ತಿಂಗಳಾಯಿತು. ಈ ಹತ್ತು ತಿಂಗಳಲ್ಲಿ ನಾವಾಡಿದ ಮಾತನ್ನೆಲ್ಲ ಒಂದು ಬಸ್ ಟಿಕೆಟ್ಟಿನ ಹಿಂದೆ ಬರೆಯಬಹುದು. ಅದಕ್ಕೇ ಕಾಗದ.

ಮೆಣಸು ಚೆನ್ನಾಗಿದ್ದಾಳೆ. ಮುಂದಿನ ತಿಂಗಳಿಗೆ ಎರಡೂವರೆ ತುಂಬುತ್ತದೆ. ಅವಳಪ್ಪ ಇಟ್ಟ ಅಡ್ಡಹೆಸರಿಗೆ ತಕ್ಕ ಹಾಗೇ ಇದ್ದಾಳೆ, ಗಾತ್ರ ಚಿಕ್ಕದು, ಖಾರ ಜಾಸ್ತಿ. ನಾನು ಇಲ್ಲಿನ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸಕ್ಕಿದ್ದೇನೆ. ಒಗೆಯುವುದು ಯಂತ್ರ. ವಿಂಗಡಿಸುವುದು, ಒಣಹಾಕುವುದು, ಮಡಿಸುವುದು ನಾವು. ದಿನಕ್ಕೆ ಆರುನೂರು ಬೆಡ್‌ಶೀಟು. ಸಂಜೆಗೆ ಕೈ ನನ್ನದಲ್ಲ ಅನ್ನಿಸುತ್ತದೆ. ಮಗುವನ್ನು ನೋಡಿಕೊಳ್ಳಲು ಜನರಿದ್ದಾರೆ, ಚಿಂತೆ ಬೇಡ.

ಒಂದು ಕೆಲಸ ನಿಮ್ಮಿಂದ ಆಗಬೇಕು. ನಮ್ಮ ಬೀದಿಯ ಕೊನೆಯಲ್ಲಿ ಸರ್ಕಾರದ ಶಿಶುವಿಹಾರವಿದೆ. ಈಗ ಮೂರು ತುಂಬಿದ ಇಪ್ಪತ್ತು ಮಕ್ಕಳಿಗೆ ಮಾತ್ರ ಜಾಗ, ಅದೂ ಮಧ್ಯಾಹ್ನದವರೆಗೆ. ಅದನ್ನು ದೊಡ್ಡದು ಮಾಡಲು ಸರ್ಕಾರದಿಂದ ಹಣ ಬರುತ್ತದಂತೆ. ಬಂದರೆ ಆರು ತಿಂಗಳ ಕೂಸಿನಿಂದಲೇ ಸೇರಿಸಿಕೊಳ್ಳುತ್ತಾರೆ, ಬೆಳಿಗ್ಗೆ ಆರರಿಂದ ಸಂಜೆ ಏಳರವರೆಗೆ ತೆರೆದಿರುತ್ತದೆ, ಕಡಿಮೆ ಸಂಬಳದವರಿಗೆ ಶುಲ್ಕವಿಲ್ಲ. ಹೊಸ ಸೀಟು ನಲವತ್ತು. ಅದರಲ್ಲಿ 'ಒಬ್ಬರೇ ದುಡಿಯುವ ಮನೆ'ಯ ಮಕ್ಕಳಿಗೆ ಮೊದಲ ಸಾಲು. ನಮ್ಮದು ಅಂಥ ಮನೆ ಎಂದು ತೋರಿಸಲು ಅವರ ಮರಣಪತ್ರದ ಅಸಲು ಪ್ರತಿ ಬೇಕು. ಅದು ನಿಮ್ಮ ಹತ್ತಿರ ಇದೆ. ಕಚೇರಿಗೆ ಹೋಗಿ ತಂದವರು ನೀವೇ.

ಸೀಟು ಸಿಗದಿದ್ದರೆ ನಾನು ಕೆಲಸ ಬಿಡಬೇಕು, ಇಲ್ಲಾ ಮಗುವನ್ನು ಬಿಡಬೇಕು. ಮೂರನೆಯ ದಾರಿ ನನಗೆ ಕಾಣುತ್ತಿಲ್ಲ.

ನಿಮ್ಮ ಸೊಸೆ

ಮಾರ್ಚ್ 15

ಸೊಸೆಗೆ,

ನಿನ್ನ ಕಾಗದ ಬಂದು ನಾಲ್ಕು ದಿನವಾಯಿತು. ಅಂಚೆಯವನು ಮೆಟ್ಟಿಲು ಹತ್ತಿ ಬಂದು ಕೊಟ್ಟ. "ಏನಮ್ಮಾ, ಈಗ ಕಾಗದ ಬರೆಯೋರೂ ಇದಾರಾ?" ಅಂದ. ನಾನು ಬಾಗಿಲು ಹಾಕಿಕೊಂಡೆ.

ಮರಣಪತ್ರದ ಅಸಲು ಬಸ್ ಡಿಪೋದವರೇ ಇಟ್ಟುಕೊಂಡಿದ್ದಾರೆ ಅನ್ನಿಸುತ್ತದೆ. ಕೇಳಬೇಕು.

ಆದರೆ ಅದೆಲ್ಲ ಯಾಕೆ? ಅಜ್ಜಿ ಬದುಕಿದ್ದಾಳೆ. ಎರಡು ಕೋಣೆ ಖಾಲಿ ಬಿದ್ದಿವೆ. ನಾನು ಬೈಂಡಿಂಗ್ ಅಂಗಡಿಗೆ ಹೋಗುವುದನ್ನು ಬಿಟ್ಟಿದ್ದೇನೆ, ಪುಸ್ತಕ ಹೊಲಿಯುವ ಕೆಲಸ ಮನೆಗೇ ತರಿಸಿಕೊಳ್ಳುತ್ತೇನೆ. ದಿನವೆಲ್ಲ ಬಿಡುವು. ಮಗುವನ್ನು ಇಲ್ಲಿಗೆ ಕಳಿಸು. ಅವಳಪ್ಪನನ್ನು ಬೆಳೆಸಿದ ಕೈ ಇದು. ಆಗ ಯಾವ ಶಿಶುವಿಹಾರವಿತ್ತು? ಅಂಗಡಿಯಲ್ಲಿ ಕಾಗದದ ಚೂರುಗಳ ರಾಶಿಯ ಮೇಲೆ ಮಲಗಿಸುತ್ತಿದ್ದೆ. ಎದ್ದಾಗ ಅವನ ಮೈಗೆಲ್ಲ ಯಾರದೋ ಲೆಕ್ಕದ ಪುಸ್ತಕದ ಅಂಚುಗಳು ಅಂಟಿರುತ್ತಿದ್ದವು.

ಗೊತ್ತಿಲ್ಲದ ಹೆಂಗಸರ ಕೈಗೆ ಮಗುವನ್ನು ಕೊಟ್ಟು ನೀನು ಹೇಗೆ ಬೆಡ್‌ಶೀಟು ಮಡಿಸುತ್ತೀಯ? ಸಂಬಳಕ್ಕೆ ಎತ್ತಿಕೊಳ್ಳುವವರು ಸಂಬಳಕ್ಕೆ ತಕ್ಕಷ್ಟೇ ಎತ್ತಿಕೊಳ್ಳುತ್ತಾರೆ.

ಯೋಚನೆ ಮಾಡು. ರೈಲಿನಲ್ಲಿ ಬಂದು ಬಿಟ್ಟುಹೋಗು. ನಿನಗೆ ರಜೆ ಸಿಗದಿದ್ದರೆ ಹೇಳು, ನಾನೇ ಬಂದು ಕರೆದುಕೊಂಡು ಬರುತ್ತೇನೆ.

ಅತ್ತೆ

ಮಾರ್ಚ್ 24

ಅತ್ತೆಗೆ,

ಡಿಪೋದಲ್ಲಿ ಕೇಳಿದಿರಾ?

ನಿನ್ನೆ ಅರ್ಜಿ ಕೊಡುವ ಕಚೇರಿಗೆ ಹೋಗಿದ್ದೆ. ಗುಮಾಸ್ತ ನಮ್ಮ ಕುಟುಂಬದ ಚೀಟಿ ನೋಡಿದ. "ದುಡಿಯೋರು ಇಬ್ರು ಅಂತ ಇದೆಯಲ್ಲಮ್ಮ. ಯಜಮಾನ್ರು ಬಸ್ ಚಾಲಕರು." ನಾನು ಅಂದೆ, "ಅವ್ರು ಇಲ್ಲ ಸಾರ್." ಅವನು, "ಇಲ್ಲ ಅಂದ್ರೆ? ಊರಲ್ಲಿಲ್ವಾ?" ನಾನು ಮತ್ತೆ, "ಇಲ್ಲ ಸಾರ್." ಅವನಿಗೆ ಅರ್ಥವಾಯಿತು. ಪಾಪ, ಮುಖ ಕೆಳಗೆ ಹಾಕಿದ. ಆದರೆ ಅವನೇನು ಮಾಡುತ್ತಾನೆ? ಕಾಗದದಲ್ಲಿ ಅವರಿನ್ನೂ ಬಸ್ ಓಡಿಸುತ್ತಿದ್ದಾರೆ. ತಿಂಗಳ ಸಂಬಳವನ್ನೂ ತರುತ್ತಿದ್ದಾರೆ. ಅವರ ಸಂಬಳ ಸೇರಿಸಿದರೆ ನಾವು ಅನುಕೂಲಸ್ಥರು. ಸಾಲಿನ ಕೊನೆಗೆ ಹೋಗುತ್ತೇವೆ.

ಸೀಟಿಗೆ ಇಷ್ಟು ಒದ್ದಾಡುತ್ತಿದ್ದೇನೆ, ಹಣ ಇನ್ನೂ ಮಂಜೂರೇ ಆಗಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುತ್ತಿದ್ದೀಯ ಎಂದು ನಮ್ಮ ಇಸ್ತ್ರಿ ಅಕ್ಕ ನಗುತ್ತಾಳೆ. ಇಸ್ತ್ರಿ ಅಕ್ಕ ಅಂದರೆ ನನ್ನ ಪಕ್ಕದ ಮೇಜಿನವಳು, ಅರವತ್ತು ವರ್ಷ, ಬಾಯಿ ಇಸ್ತ್ರಿಪೆಟ್ಟಿಗೆಗಿಂತ ಬಿಸಿ. ಮುಂದಿನ ತಿಂಗಳು ನಗರಸಭೆಯವರು ಜನರ ಅಭಿಪ್ರಾಯ ಕೇಳುತ್ತಾರಂತೆ. ಬೇಕು ಅನ್ನುವವರು, ಬೇಡ ಅನ್ನುವವರು ಇಬ್ಬರೂ ಇದ್ದಾರೆ.

ನಾನು ಶಿಶುವಿಹಾರದ ಒಳಗೆ ಹೋಗಿ ನೋಡಿದೆ. ಒಂದೇ ಹಾಲ್. ಕಿಟಕಿಗಳು ಮಕ್ಕಳ ಎತ್ತರಕ್ಕೆ ಇವೆ, ನಾನು ಬಗ್ಗಿ ನೋಡಿದರೆ ಬೀದಿ ಬೇರೆಯೇ ಥರ ಕಂಡಿತು, ಬರೀ ಕಾಲುಗಳು ಮತ್ತು ಚಕ್ರಗಳು. ಇರುವುದು ಇಬ್ಬರು ಶಿಕ್ಷಕಿಯರು. ಹೊಸ ಹಣ ಬಂದರೆ ಇನ್ನೂ ಆರು ಜನರನ್ನು ತೆಗೆದುಕೊಳ್ಳುತ್ತಾರೆ, ತರಬೇತಿ ಕೊಟ್ಟು. ಎರಡು ವರ್ಷದೊಳಗಿನ ನಾಲ್ಕು ಕೂಸಿಗೆ ಒಬ್ಬರಂತೆ. ನಾಲ್ಕಕ್ಕೆ ಒಬ್ಬರು, ಅತ್ತೆ! ನನಗೆ ಒಂದಕ್ಕೇ ಎರಡು ಕೈ ಸಾಲುತ್ತಿಲ್ಲ.

ಮಗುವನ್ನು ಕಳಿಸುವ ಮಾತು ಬೇಡ. ಸಿಟ್ಟಾಗಬೇಡಿ. ಸಂಜೆ ಅವಳಿಲ್ಲದೆ ನನ್ನ ಈ ಒಂದು ಕೋಣೆಯ ಬೀಗ ತೆಗೆಯಲು ನನ್ನಿಂದ ಆಗುವುದಿಲ್ಲ.

ಭಾನುವಾರಗಳಲ್ಲಿ ಫೋನ್ ಮಾಡಿದರೆ ನಾನು ಸಿಗುವುದಿಲ್ಲ. ಹೊರಗಿರುತ್ತೇನೆ.

ನಿಮ್ಮ ಸೊಸೆ

ಏಪ್ರಿಲ್ 2

ಸೊಸೆಗೆ,

ಡಿಪೋದಲ್ಲಿ ಕೇಳಿದೆ. ಹುಡುಕುತ್ತೇವೆ ಅಂದಿದ್ದಾರೆ.

ಭಾನುವಾರ ಎಲ್ಲಿಗೆ ಹೋಗುತ್ತೀಯ? ಕಳೆದ ಮೂರು ಭಾನುವಾರ ಫೋನ್ ಎತ್ತಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ 'ಹೊರಗಿರುತ್ತೇನೆ' ಎಂದು ಬರೆದರೆ ನಾನು ಏನೆಂದು ತಿಳಿಯಲಿ? ನಿನಗಿನ್ನೂ ಇಪ್ಪತ್ತೊಂಬತ್ತು. ಜೀವನ ದೊಡ್ಡದಿದೆ. ನಾನು ಅಷ್ಟು ತಿಳಿಯದವಳಲ್ಲ. ಇನ್ನೊಬ್ಬರು ಯಾರಾದರೂ ಬಂದಿದ್ದರೆ ನೇರವಾಗಿ ಹೇಳು. ಮಗು ಅಡ್ಡಿ ಅನ್ನಿಸಿದರೆ ಮಾತ್ರ ಅವಳನ್ನು ಯಾರ ಕೈಗೋ ಕೊಡಬೇಡ, ನನ್ನ ಕೈಗೆ ಕೊಡು.

ಅತ್ತೆ

ಏಪ್ರಿಲ್ 13

ಅತ್ತೆ,

ನಿಮ್ಮ ಕಾಗದ ಓದಿ ಮೊದಲು ಸಿಟ್ಟು ಬಂತು. ಆಮೇಲೆ ಇಸ್ತ್ರಿ ಅಕ್ಕನಿಗೆ ಓದಿ ಹೇಳಿದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಭಾನುವಾರ ನಿನ್ನ ಜೊತೆ ಸುತ್ತೋದು ನಾನು ಕಣೇ! ಬರೆದು ಕಳಿಸು ನಿಮ್ಮತ್ತೆಗೆ, ಇನ್ನೊಬ್ಬರು ಬಂದಿದಾರೆ, ಹಲ್ಲು ಮಾತ್ರ ಮೂರು ಉದುರಿದಾವೆ ಅಂತ."

ಭಾನುವಾರ ನಾವು ಮನೆಮನೆಗೆ ಹೋಗಿ ಸಹಿ ಹಾಕಿಸುತ್ತಿದ್ದೆವು, ಶಿಶುವಿಹಾರಕ್ಕೆ ಹಣ ಕೊಡಿ ಎಂದು. ಕಸ ಗುಡಿಸುವವರು, ಹೋಟೆಲಿನಲ್ಲಿ ಪಾತ್ರೆ ತೊಳೆಯುವವರು, ರಾತ್ರಿಪಾಳಿಯ ಆಯಾಗಳು. ಮೆಣಸು ನನ್ನ ಸೊಂಟದ ಮೇಲೆ. ಅವಳೂ ಎರಡು ಕಡೆ ಗೀಚಿದ್ದಾಳೆ.

ಮೊನ್ನೆ ಗುರುವಾರ ಸಂಜೆ ಅಭಿಪ್ರಾಯ ಕೇಳುವ ಸಭೆ ನಡೆಯಿತು, ಶಾಲೆಯ ಹಾಲಿನಲ್ಲಿ. ದೊಡ್ಡ ಅಂಗಡಿಯವರೊಬ್ಬರು ಎದ್ದು ನಿಂತು, "ತೊಟ್ಟಿಲು ತೂಗೋದು ಸರ್ಕಾರದ ಕೆಲಸವೇನ್ರೀ? ನಮ್ಮಮ್ಮ ಎಂಟು ಮಕ್ಕಳನ್ನ ಸಾಕಿದ್ಲು. ಆಗ ಯಾವ ಸರ್ಕಾರ ಬಂದಿತ್ತು?" ಅಂದರು. ಇಸ್ತ್ರಿ ಅಕ್ಕ ಕೂತಲ್ಲಿಂದಲೇ ಕೇಳಿದಳು, "ಹೇಗಿತ್ತಮ್ಮಾ ಅಂತ ನಿಮ್ಮಮ್ಮನ್ನ ಒಂದ್ಸಲನಾದ್ರೂ ಕೇಳಿದ್ರಾ?" ಹಾಲೆಲ್ಲ ನಕ್ಕಿತು. ಅಂಗಡಿಯವರು ನಗಲಿಲ್ಲ. ಕೂತುಬಿಟ್ಟರು.

ಆಮೇಲೆ ನನ್ನನ್ನು ಕರೆದರು. "ನಿಮಗೆ ಎರಡು ನಿಮಿಷ." ನಾನು ಅಲ್ಲಿ ಹೇಳಿದ್ದನ್ನು ನಿಮಗೆ ಇಲ್ಲಿಯವರೆಗೆ ಹೇಳಿಲ್ಲ. ನೂರು ಜನ ಅಪರಿಚಿತರ ಮುಂದೆ ಹೇಳಿದ ಮೇಲೆ ನಿಮ್ಮಿಂದ ಮುಚ್ಚಿಡುವುದು ಸರಿಯಲ್ಲ.

ಮಗುವನ್ನು ನೋಡಿಕೊಳ್ಳಲು ಜನರಿದ್ದಾರೆ ಎಂದು ಬರೆದಿದ್ದೆ. ಫೆಬ್ರುವರಿಯವರೆಗೆ ಯಾರೂ ಇರಲಿಲ್ಲ. ನಾನು ಅವಳನ್ನು ಕದ್ದು ಕೆಲಸಕ್ಕೆ ಕರೆದುಕೊಂಡು ಹೋಗುತ್ತಿದ್ದೆ. ನಮ್ಮಲ್ಲಿ ಬಟ್ಟೆ ಸಾಗಿಸಲು ಆಳದ ಕ್ಯಾನ್ವಾಸ್ ಗಾಡಿಗಳಿವೆ. ಒಂದರ ತಳಕ್ಕೆ ಟವೆಲ್ ಹಾಸಿ ಅವಳನ್ನು ಮಲಗಿಸಿ, ಮೇಲೆ ತೆಳುವಾಗಿ ಒಂದು ಬೆಡ್‌ಶೀಟು ಮುಚ್ಚುತ್ತಿದ್ದೆ. ಮೇಲ್ವಿಚಾರಕರು ಇಣುಕದಿರಲಿ ಎಂದು ಗಾಡಿಗೆ ಕೆಂಪು ಬಟ್ಟೆ ಕಟ್ಟುತ್ತಿದ್ದೆ. ಕೆಂಪು ಕಟ್ಟಿದರೆ ಅದು ಸೋಂಕಿನ ವಾರ್ಡಿನ ಬಟ್ಟೆ ಎಂದು ಅರ್ಥ, ಯಾರೂ ಕೈ ಹಾಕುವ ಹಾಗಿಲ್ಲ. ಎಷ್ಟು ಜಾಣೆ ನಾನು ಅಂದುಕೊಂಡಿದ್ದೆ. ಐದು ತಿಂಗಳು ಹಾಗೇ ನಡೆಯಿತು.

ಕೆಂಪು ಗಾಡಿಯನ್ನು ಕೈ ಹಾಕದೆ ನೇರವಾಗಿ ಕುದಿಯುವ ನೀರಿನ ತೊಟ್ಟಿಗೆ ತೆಗೆದುಕೊಂಡು ಹೋಗಿ, ಕೊಕ್ಕೆಗೆ ಸಿಕ್ಕಿಸಿ, ಹಿಡಿ ತಿರುಗಿಸಿ ಮಗುಚುತ್ತಾರೆ. ಫೆಬ್ರುವರಿ 20ರಂದು ಹೊಸಬಳೊಬ್ಬಳು ಬಂದಿದ್ದಳು. ಯಾರೂ ಅವಳಿಗೆ ನನ್ನ ಗುಟ್ಟು ಹೇಳಿರಲಿಲ್ಲ. ನಾನು ಒಣಹಾಕಲು ಹೋಗಿದ್ದೆ. ತಿರುಗಿ ಬಂದರೆ ಗಾಡಿ ಜಾಗದಲ್ಲಿರಲಿಲ್ಲ.

ಹಿಡಿ ಅರ್ಧ ತಿರುಗಿತ್ತು ಅತ್ತೆ. ಗಾಡಿ ವಾಲಿದಾಗ ಮೆಣಸು ಎದ್ದು ಕೂತು "ಪೋಂ ಪೋಂ" ಅಂದಳಂತೆ. ಬಸ್ಸು ಹೊರಟಿತು ಅಂದುಕೊಂಡಿದ್ದಾಳೆ. ಆ ಹುಡುಗಿ ಹಿಡಿ ಬಿಡಲಿಲ್ಲ, ಬಿಟ್ಟಿದ್ದರೆ ಗಾಡಿ ಪೂರ್ತಿ ಮಗುಚುತ್ತಿತ್ತು. ಅದನ್ನೇ ತಬ್ಬಿಕೊಂಡು ಕಿರುಚಿದಳು. ನಾವು ಓಡಿ ಬಂದು ಮಗುವನ್ನು ಎತ್ತಿಕೊಂಡ ಮೇಲೂ ಅವಳ ಬೆರಳು ಬಿಡಿಸಲು ಇಬ್ಬರು ಬೇಕಾಯಿತು. ಅವಳದು ತಪ್ಪಿಲ್ಲ. ನಿಯಮ ಹೇಗಿದೆಯೋ ಹಾಗೆ ಮಾಡಿದಳು.

ಮೆಣಸಿಗೆ ಏನೂ ಆಗಲಿಲ್ಲ, ಒಂದು ಗೀರೂ ಇಲ್ಲ. ಅವತ್ತಿನಿಂದ ನಾನು ಅರ್ಧ ಪಾಳಿ ಮಾಡುತ್ತೇನೆ, ಇಸ್ತ್ರಿ ಅಕ್ಕ ಇನ್ನರ್ಧ. ಒಬ್ಬರು ಮನೆಯಲ್ಲಿ, ಒಬ್ಬರು ಕೆಲಸದಲ್ಲಿ. ಜೂನ್ ಒಂದರಿಂದ ಅರ್ಧ ಪಾಳಿ ಇಲ್ಲ ಎಂದು ನೋಟಿಸ್ ಹಾಕಿದ್ದಾರೆ.

ಸಭೆಯಲ್ಲಿ ಇಷ್ಟನ್ನು ಹೇಳಿದೆ. ಎರಡು ನಿಮಿಷ ಮೀರಿತ್ತು, ಯಾರೂ ನಿಲ್ಲಿಸಲಿಲ್ಲ. ನಿನ್ನೆ ಹಣ ಮಂಜೂರಾಯಿತು. ನಾನು ಹೇಳಿದ್ದರಿಂದಲ್ಲ, ಎರಡು ಸಾವಿರ ಸಹಿಗಳಿಂದ.

ಅರ್ಜಿಗೆ ಕೊನೆಯ ದಿನ ಏಪ್ರಿಲ್ 30. ನೀವು ಡಿಪೋಗೆ ಹೋಗಿಲ್ಲ ಎಂದು ನನಗೆ ಗೊತ್ತು. ಅವರ ಜೊತೆಗಿದ್ದ ಕಂಡಕ್ಟರಿಗೆ ಫೋನ್ ಮಾಡಿದ್ದೆ. ಡಿಪೋದವರ ಹತ್ತಿರ ಬರೀ ನಕಲು ಇದೆಯಂತೆ.

ಅವರು ಹೋದ ಮೂರನೆಯ ದಿನ ನೀವು ನನಗೆ ಹೇಳಿದ ಮಾತು ನಾನು ಮರೆತಿಲ್ಲ. "ಜ್ವರ ಇದ್ದವನನ್ನ ಡ್ಯೂಟಿಗೆ ಕಳಿಸಿದವಳು ನೀನು." ಅದಕ್ಕೇ ಮನೆ ಬಿಟ್ಟು ಬಂದೆ. ನನಗೆ ಬೇಕಾದಷ್ಟು ಶಿಕ್ಷೆ ಕೊಡಿ. ಆದರೆ ಕಾಗದ ಕೊಡಿ.

ನಿಮ್ಮ ಸೊಸೆ

ಏಪ್ರಿಲ್ 19

ಮೊದಲು ಕಾಗದ. ಮಾತು ಆಮೇಲೆ. ನಿನ್ನ ಪತ್ರ ಕೈಗೆ ಬಂದ ಒಂದು ಗಂಟೆಯಲ್ಲಿ ಇದನ್ನು ರಿಜಿಸ್ಟರ್ ಮಾಡಿಸುತ್ತಿದ್ದೇನೆ. ಅಂಚಿನಲ್ಲಿ ತೂತುಗಳಿವೆ. ಅದಕ್ಕೆ ಕಾರಣ ನಾನು. ಗುಮಾಸ್ತ ಕೇಳಿದರೆ ಹಾಗೇ ಹೇಳು.

ಏಪ್ರಿಲ್ 21

ಮಗಳೇ,

ನಾನು ದಿನಾ ಒಂದು ಪುಸ್ತಕದಲ್ಲಿ ಬರೆಯುತ್ತೇನೆ. ನಿನಗೆ ಗೊತ್ತಿಲ್ಲ. ಅಂಗಡಿಯಲ್ಲಿ ಉಳಿದ ಹಾಳೆಗಳನ್ನು ಸೇರಿಸಿ ನಾನೇ ಹೊಲಿದದ್ದು. ಅವನು ಹೋದ ಮೇಲೆ ಶುರು ಮಾಡಿದೆ. ಹೆಚ್ಚೇನಿಲ್ಲ, ಇವತ್ತು ಬಿಸಿಲು, ಇವತ್ತು ನೀರು ಬರಲಿಲ್ಲ, ಅಷ್ಟೇ. ಮರಣಪತ್ರ ತಂದ ದಿನ ಅದನ್ನೆಲ್ಲಿ ಇಡುವುದೆಂದು ತಿಳಿಯಲಿಲ್ಲ. ಪೆಟ್ಟಿಗೆಯಲ್ಲಿಟ್ಟೆ, ತೆಗೆದೆ. ಕಪಾಟಿನಲ್ಲಿಟ್ಟೆ, ತೆಗೆದೆ. ಕೊನೆಗೆ ಸೂಜಿ ತೆಗೆದುಕೊಂಡು ಆ ಪುಸ್ತಕಕ್ಕೇ ಹೊಲಿದುಬಿಟ್ಟೆ, ಒಂದು ಹಾಳೆಯ ಹಾಗೆ. ಮೂವತ್ತು ವರ್ಷ ಮಾಡಿದ ಕೆಲಸ ಅದೊಂದೇ. ಕೈ ತಾನಾಗಿ ಮಾಡಿತು.

ನಿನ್ನ ಮೊದಲ ಕಾಗದ ಬಂದಾಗ ಪುಸ್ತಕ ನನ್ನ ತೊಡೆಯ ಮೇಲೇ ಇತ್ತು. ಡಿಪೋದಲ್ಲಿದೆ ಎಂದು ಬರೆದೆ. ಕಾಗದದಲ್ಲಿ ಅವರಿನ್ನೂ ಬಸ್ ಓಡಿಸುತ್ತಿದ್ದಾರೆ ಎಂದು ನೀನು ಬರೆದಾಗ, ನಿನಗೆ ಅದು ಕಷ್ಟ, ನನಗೆ ಸಮಾಧಾನವಾಯಿತು. ಎಲ್ಲೋ ಒಂದು ಕಚೇರಿಯಲ್ಲಾದರೂ ಓಡಿಸಲಿ ಅನ್ನಿಸಿತು. ಕಾಗದ ಕೊಡದಿದ್ದರೆ ಮಗು ನನ್ನ ಹತ್ತಿರ ಬರುತ್ತಾಳೆ ಎಂಬ ಆಸೆಯೂ ಇತ್ತು. ಎರಡೂ ನಿಜ.

ಇನ್ನೊಂದನ್ನೂ ಬರೆಯುತ್ತೇನೆ. ನೀನು ನಿಜವಾಗಿ ಮಗುವನ್ನು ಕಳಿಸಿದ್ದರೆ ನನ್ನ ಗತಿ ಏನಾಗುತ್ತಿತ್ತು? ನಾನು ಮಗುವನ್ನು ನೋಡಿಕೊಳ್ಳುವ ಸ್ಥಿತಿಯಲ್ಲಿಲ್ಲ. ಜನವರಿಯಲ್ಲಿ ಒಂದು ಮಧ್ಯಾಹ್ನ ಹಾಲಿಟ್ಟಿದ್ದೆ. ನಾಲ್ಕೂ ಹತ್ತಕ್ಕೆ ಅವನ ಬಸ್ಸು ನಮ್ಮ ತಿರುವಿಗೆ ಬರುತ್ತಿತ್ತಲ್ಲ, ಗಡಿಯಾರ ನೋಡಿದೆ, ಬಾಗಿಲು ಎಳೆದುಕೊಂಡು ಇಳಿದು ಹೋದೆ. ತಿರುವಿನಲ್ಲಿ ನಿಂತೆ. ಬಸ್ಸು ಬಂತು, ಯಾರೋ ಓಡಿಸುತ್ತಿದ್ದರು. ಮುಂದಿನದಕ್ಕೂ ನಿಂತೆ. ವಾಪಸು ಬಂದಾಗ ಮೆಟ್ಟಿಲಲ್ಲೆಲ್ಲ ಹೊಗೆ. ಕೆಳಮನೆಯ ಟೈಲರಮ್ಮ ಬಾಗಿಲು ಒಡೆಸಿದ್ದಳು. ಫೆಬ್ರುವರಿಯಲ್ಲಿ ಮತ್ತೆ ಹಾಗೇ ಆಯಿತು. ಆಮೇಲೆ ಅವಳು ಗ್ಯಾಸ್ ಒಲೆಯ ತಿರುಪನ್ನೇ ಕಿತ್ತುಕೊಂಡು ಹೋದಳು. "ಬೈಕೋಬೇಡಿ ಅಮ್ಮಾ. ನೀವು ಸುಟ್ಟುಹೋದ್ರೆ ನಾನು ಅಳ್ತೀನಿ. ಆದ್ರೆ ಗಿರಾಕಿಗಳ ಬಟ್ಟೆ ಸುಟ್ಟುಹೋದ್ರೆ ಅವರು ನನ್ನ ಅಳೋಕೂ ಬಿಡಲ್ಲ." ಈಗ ಎರಡು ಹೊತ್ತು ಊಟ ಅವಳ ಮನೆಯಿಂದ ಬರುತ್ತದೆ. ನಾನು ಅವಳ ಬಟ್ಟೆಗಳಿಗೆ ಗುಂಡಿ ಹೊಲಿದುಕೊಡುತ್ತೇನೆ.

ನಿನಗೆ ಹೇಳಲಿಲ್ಲ. ದಿನವೆಲ್ಲ ಬಿಡುವು, ಕಳಿಸು ಎಂದು ಬರೆದೆ. ನೀನು ಕಳಿಸುವುದಿಲ್ಲ ಎಂದಾಗ ಸಿಟ್ಟು ಬಂತು. ಜೊತೆಗೆ ಎದೆಯಿಂದ ಒಂದು ಕಲ್ಲು ಇಳಿದ ಹಾಗೂ ಆಯಿತು. ಅದು ಗೊತ್ತಾಗಿ ನಾಚಿಕೆಯಾಗಿ ಇನ್ನಷ್ಟು ಕೆಟ್ಟದಾಗಿ ಬರೆದೆ.

ಕೊನೆಯದು. ಅವತ್ತು ಬೆಳಿಗ್ಗೆ ಅವನಿಗೆ ಜ್ವರವಿತ್ತು. ನೀನು "ಇವತ್ತು ಬೇಡ ರೀ" ಅಂದದ್ದು ನನಗೆ ಕೇಳಿಸಿತ್ತು. ಅವನು ಕೇಳಲಿಲ್ಲ. ಅವನ ಯೂನಿಫಾರ್ಮಿಗೆ ಇಸ್ತ್ರಿ ಮಾಡಿ ಕೈಗೆ ಕೊಟ್ಟವಳು ನಾನು. ನೀನು ಅಲ್ಲೇ ನಿಂತಿದ್ದೆ, ನೋಡಿದ್ದೆ. ನಾನು ಆ ಮಾತು ಆಡಿದಾಗ ನೀನು ತಿರುಗಿ ಇದನ್ನು ಹೇಳಬಹುದಿತ್ತು. ಹೇಳಲಿಲ್ಲ. ಒಂದು ಚೀಲ ತೆಗೆದುಕೊಂಡು ಮಗುವಿನ ಜೊತೆ ಹೋದೆ. ಮಾತು ಆಡಿದರೆ ಹೋಯಿತು ಎನ್ನುತ್ತಾರೆ, ನಿಜ. ವಾಪಸು ತೆಗೆದುಕೊಳ್ಳಲು ಆಗುವುದಿಲ್ಲ. ತಪ್ಪಾಯಿತು ಎಂದು ಬರೆಯಲು ಮಾತ್ರ ಆಗುತ್ತದೆ. ತಪ್ಪಾಯಿತು.

ಹಿಡಿ ತಬ್ಬಿಕೊಂಡಿದ್ದ ಆ ಹುಡುಗಿ ಈಗ ಹೇಗಿದ್ದಾಳೆ?

ಅತ್ತೆ

ಮೇ 3

ಅತ್ತೆ,

ಎರಡು ಸಲ ಈ ಕಾಗದ ಶುರು ಮಾಡಿ ಹರಿದೆ.

ಮರಣಪತ್ರ 25ಕ್ಕೆ ಸಿಕ್ಕಿತು, ಅವತ್ತೇ ಅರ್ಜಿ ಕೊಟ್ಟೆ. ಗುಮಾಸ್ತ ಅದನ್ನು ಬೆಳಕಿಗೆ ಹಿಡಿದು ನೋಡಿದ. ತೂತುಗಳು ಸಾಲಾಗಿ, ಅಳೆದು ಹಾಕಿದ ಹಾಗೆ. "ಇದೇನಮ್ಮಾ, ಮರಣಪತ್ರಕ್ಕೆ ಹೊಲಿಗೆ?"

"ನಮ್ಮತ್ತೆ ಹೊಲಿದಿದ್ದು ಸಾರ್."

"ಯಾಕೆ?"

"ಅವರ ಮಗ."

ಅವನು ಪಕ್ಕದ ಮೇಜಿನವರ ಕಡೆ ನೋಡಿದ. ಅವರು ಕನ್ನಡಕ ಏರಿಸಿ ನೋಡಿ, "ಅಕ್ಷರಕ್ಕೇನೂ ಆಗಿಲ್ಲ ಬಿಡಿ. ನಡೆಯುತ್ತೆ" ಅಂದರು. ಗುಮಾಸ್ತ ಮುದ್ರೆ ಒತ್ತುವಾಗ ತೂತುಗಳ ಮೇಲೆ ಬೀಳದ ಹಾಗೆ ಒಂದು ಬದಿಗೆ ಸರಿಸಿ ಒತ್ತಿದ. ಅಸಲು ವಾಪಸು ಕೊಟ್ಟಿದ್ದಾನೆ. ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ನಿಮಗೆ ಬೇಕೆಂದರೆ ಹೇಳಿ, ಕಳಿಸುತ್ತೇನೆ. ಆದರೆ ಮತ್ತೆ ಹೊಲಿಯಬೇಡಿ.

ಇಸ್ತ್ರಿ ಮಾಡಿಕೊಟ್ಟದ್ದು ನಾನು ನೋಡಿದ್ದೆ. ಹೇಳಿದ್ದರೆ ಏನಾಗುತ್ತಿತ್ತು? ನಿಮ್ಮ ಎದೆಯ ಮೇಲೂ ಒಂದು ಹೊರೆ, ನನ್ನದೇನೂ ಕಡಿಮೆಯಾಗುತ್ತಿರಲಿಲ್ಲ. ಡಾಕ್ಟರು ಹೇಳಿದ್ದು ನೆನಪಿದೆಯಾ? ಅವರ ಹೃದಯ ಮೊದಲೇ ಹಾಳಾಗಿತ್ತು, ಮನೆಯಲ್ಲೇ ಮಲಗಿದ್ದರೂ ಆಗುತ್ತಿತ್ತು ಎಂದರು. ನಾವಿಬ್ಬರೂ ಅದನ್ನು ಕೇಳಿಸಿಕೊಳ್ಳಲಿಲ್ಲ. ಬೈಯಲು ಯಾರಾದರೂ ಬೇಕಿತ್ತು. ನನ್ನನ್ನು ಬೈದಿರಿ. ನಾನು ದಿನಾ ಬೆಡ್‌ಶೀಟುಗಳನ್ನು ಬೈಯುತ್ತೇನೆ.

ಒಲೆಯ ವಿಷಯ ಓದಿದೆ. ನಿಮಗೆ ಏನಾದರೂ ಆಗಿದ್ದರೆ ನನಗೆ ತಿಂಗಳ ಮೇಲೆ ತಿಳಿಯುತ್ತಿತ್ತು. ನಮ್ಮ ಆಸ್ಪತ್ರೆಯ ನರ್ಸಮ್ಮನನ್ನು ಕೇಳಿದೆ. ದುಃಖದಲ್ಲಿ ಹೀಗೆ ಮರೆವು ಬರುತ್ತದೆ, ಹೆಚ್ಚಿನವರಿಗೆ ಹೋಗುತ್ತದೆ, ಆದರೂ ಒಮ್ಮೆ ತೋರಿಸಲಿ ಅಂದರು. ತೋರಿಸಿ. ಟೈಲರಮ್ಮನ ಜೊತೆ ಹೋಗಿ. ಅವಳಿಗೆ ನನ್ನ ನಮಸ್ಕಾರ ಹೇಳಿ.

ಆ ಹುಡುಗಿ ಚೆನ್ನಾಗಿದ್ದಾಳೆ. ಒಂದು ವಾರ ಗಾಡಿ ಮುಟ್ಟಲಿಲ್ಲ. ಈಗ ಪ್ರತಿ ಗಾಡಿಯನ್ನೂ ತಳ್ಳುವ ಮುಂಚೆ "ಯಾರಾದ್ರೂ ಇದೀರೇನ್ರಪ್ಪಾ?" ಎಂದು ಕೂಗುತ್ತಾಳೆ. ಮೊದಮೊದಲು ನಗುತ್ತಿದ್ದೆವು. ಈಗ ಎಲ್ಲರೂ ಕೂಗುತ್ತೇವೆ.

ಪಟ್ಟಿ ಮೇ 20ಕ್ಕೆ. ಮುನ್ನೂರು ಅರ್ಜಿಗಳು ಬಂದಿವೆಯಂತೆ.

ನಿಮ್ಮ ಸೊಸೆ

ಮೇ 20

ಅತ್ತೆ, ಹದಿನೇಳನೆಯ ಹೆಸರು! ಗೋಡೆಯ ಮೇಲೆ ಅಂಟಿಸಿದ್ದರು. ನನ್ನ ಕಣ್ಣನ್ನು ನಾನೇ ನಂಬದೆ ಇಸ್ತ್ರಿ ಅಕ್ಕನಿಗೆ ಓದಲು ಹೇಳಿದೆ, ಅವಳಿಗೆ ಓದು ಬರುವುದಿಲ್ಲ ಎಂಬುದೇ ಮರೆತುಹೋಗಿತ್ತು. ಅವಳು ಬೆರಳಿಟ್ಟು ಗಂಭೀರವಾಗಿ "ಹೂಂ, ಇದೇ" ಅಂದಳು. ಸಿಗದವರು ತುಂಬ ಜನ ಇದ್ದಾರೆ. ನಮ್ಮ ಪಕ್ಕದ ಮನೆಯ, ಹೋಟೆಲಿನಲ್ಲಿ ಪಾತ್ರೆ ತೊಳೆಯುವವಳಿಗೆ ಸಿಗಲಿಲ್ಲ. ಬರುವ ವರ್ಷ ಇನ್ನೊಂದು ಶಿಶುವಿಹಾರ ಎನ್ನುತ್ತಿದ್ದಾರೆ. ಅದಕ್ಕೂ ಸಹಿ ಹಾಕಿಸಬೇಕು, ಭಾನುವಾರಗಳು ಇನ್ನೂ ನನ್ನವಲ್ಲ. ಫೋನ್ ಮಾಡಿದೆ, ನೀವು ಎತ್ತಲಿಲ್ಲ. ಟೈಲರಮ್ಮನ ಮನೆಯಲ್ಲಿದ್ದಿರಬೇಕು. ಇದನ್ನು ಅಂಚೆಪೆಟ್ಟಿಗೆಗೆ ಹಾಕಿ ಮತ್ತೆ ಮಾಡುತ್ತೇನೆ.

ಜೂನ್ 5

ಅತ್ತೆ,

ಮೊನ್ನೆ, ಜೂನ್ 3ಕ್ಕೆ ಸೇರಿಸಿದೆ. ಬೆಳಿಗ್ಗೆ ಆರಕ್ಕೆ ಬಾಗಿಲಲ್ಲಿ ಹದಿನೈದು ತಾಯಂದಿರು, ಇಬ್ಬರು ತಂದೆಯರು, ಒಬ್ಬ ಅಜ್ಜ. ಎಲ್ಲ ಮಕ್ಕಳೂ ಅಳುತ್ತಿದ್ದವು. ಮೆಣಸು ಅಳಲಿಲ್ಲ. ಒಳಗೆ ಹೋಗಿ ಒಂದು ಕುರ್ಚಿ ಆರಿಸಿಕೊಂಡು, ಅದರಲ್ಲಿ ಮೊದಲೇ ಕೂತಿದ್ದವನನ್ನು "ಏಳು" ಅಂದಳು. ಅವನು ಎದ್ದ. ಟೀಚರ್ ನನ್ನನ್ನು ನೋಡಿ ನಕ್ಕರು. "ಇವಳ ಬಗ್ಗೆ ನೀವು ಹೆದರಬೇಡಿ. ಬೇರೆಯವರ ಬಗ್ಗೆ ನಾನು ಹೆದರ್ತೀನಿ."

ಆ ಟೀಚರ್ ಹೊಸ ಹಣದಲ್ಲಿ ಕೆಲಸಕ್ಕೆ ಬಂದವರು. ಮೊದಲು ಮನೆಯಲ್ಲಿ ಹತ್ತು ಮಕ್ಕಳನ್ನು ಒಬ್ಬರೇ ನೋಡುತ್ತಿದ್ದರಂತೆ, ಕೊಟ್ಟಷ್ಟು ತೆಗೆದುಕೊಂಡು. ಈಗ ತಿಂಗಳ ಸಂಬಳ, ವಾರಕ್ಕೊಂದು ರಜೆ. ಸಂಬಳಕ್ಕೆ ಎತ್ತಿಕೊಳ್ಳುವವರು ಎಂದು ನೀವು ಬರೆದಿದ್ದು ನೆನಪಾಯಿತು. ಅವರು ಎರಡು ಕೂಸುಗಳನ್ನು ಎರಡು ಸೊಂಟದ ಮೇಲಿಟ್ಟುಕೊಂಡು ಮೂರನೆಯದಕ್ಕೆ ಕಾಲಿನಿಂದ ಚೆಂಡು ತಳ್ಳುತ್ತಿದ್ದರು. ಎಷ್ಟು ಸಂಬಳಕ್ಕೆ ಅಷ್ಟು ಎತ್ತಿಕೊಳ್ಳುವುದು ಎಂದು ಅಳೆಯುವ ತಕ್ಕಡಿ ನನ್ನ ಹತ್ತಿರ ಇಲ್ಲ.

ಕೆಲಸಕ್ಕೆ ನಡೆದುಕೊಂಡು ಹೋದೆ. ದಾರಿಯಲ್ಲಿ ಎರಡು ಸಲ ನಿಂತು ಹಿಂದೆ ನೋಡಿದೆ. ಏನನ್ನೋ ಮರೆತು ಬಂದಿದ್ದೇನೆ ಅನ್ನಿಸುತ್ತಿತ್ತು. ಕೈ ಬೀಸಿಕೊಂಡು ನಡೆದು ಎಷ್ಟು ಕಾಲವಾಗಿತ್ತು! ಅಂಗಡಿಯ ಗಾಜಿನಲ್ಲಿ ನನ್ನನ್ನು ನೋಡಿ ಯಾರೋ ಬೇರೆ ಹೆಂಗಸು ಅಂದುಕೊಂಡೆ. ಮಧ್ಯಾಹ್ನ ಊಟದ ಹೊತ್ತಿಗೆ ಮಡಿಸಿದ ಬೆಡ್‌ಶೀಟುಗಳ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಇಸ್ತ್ರಿ ಅಕ್ಕ ಗದರಿದಳು, "ಏಯ್, ಒಗೆದಿದ್ದು ಕಣೇ ಅದು! ಅಳೋದಾದ್ರೆ ಕೊಳೆ ಬಟ್ಟೆ ಮೇಲೆ ಅಳು." ಸಂತೋಷಕ್ಕೆ ಅತ್ತೆನೋ ದಣಿವಿಗೆ ಅತ್ತೆನೋ ಗೊತ್ತಿಲ್ಲ. ಅಷ್ಟು ದಿನ ಹಿಡಿದಿಟ್ಟುಕೊಂಡಿದ್ದೆ, ಬಿಟ್ಟೆ.

ಸಂಜೆ ಅವರು ಪ್ರತಿ ಮಗುವಿನ ಜೊತೆ ಒಂದು ಚೀಟಿ ಕೊಡುತ್ತಾರೆ. ಮೊದಲನೆಯದನ್ನು ನಿಮಗೆ ಕಳಿಸುತ್ತಿದ್ದೇನೆ. ಹೊಲಿದುಕೊಳ್ಳುವುದಾದರೆ ಇದನ್ನು ಹೊಲಿದುಕೊಳ್ಳಿ.

ನಿಮ್ಮ ಸೊಸೆ

ಜೂನ್ 14

ಮಗಳೇ,

ಚೀಟಿ ಬಂತು. ಟೈಲರಮ್ಮನಿಗೂ, ಅವಳ ಹತ್ತಿರ ಅಳತೆ ಕೊಡಲು ಬಂದಿದ್ದ ಇಬ್ಬರಿಗೂ ಗಟ್ಟಿಯಾಗಿ ಓದಿ ಹೇಳಿದೆ. 'ಗಂಜಿ: ಪೂರ್ತಿ ಕುಡಿದಳು. ಹಾಲು: ಅರ್ಧ. ಅತ್ತಿದ್ದು: ಇಲ್ಲ. ಇತರರನ್ನು ಅಳಿಸಿದ್ದು: ಒಂದು ಸಲ. ನಿದ್ದೆ: 1.10ರಿಂದ 2.55.' ಅಳತೆ ಕೊಡಲು ಬಂದವಳು, "ನನ್ನ ಗಂಡನಿಗೂ ಇಂಥದ್ದೊಂದು ಚೀಟಿ ಬೇಕು" ಅಂದಳು. ನಾನು ನಕ್ಕೆ. ನನ್ನ ನಗು ನನಗೇ ಹೊಸದಾಗಿ ಕೇಳಿಸಿತು.

ಡಾಕ್ಟರಿಗೆ ತೋರಿಸಿದೆ. ತಲೆಯಲ್ಲಿ ತೊಂದರೆಯೇನಿಲ್ಲ, ನಿದ್ದೆಯೇ ಇಲ್ಲದೆ ಹೀಗಾಗಿದೆ ಅಂದರು. ಕೊನೆಯ ಸಲ ನೆಮ್ಮದಿಯಾಗಿ ಮಲಗಿದ್ದು ಯಾವಾಗ ಎಂದು ಕೇಳಿದರು. ಯೋಚಿಸಿದೆ, ನೆನಪಾಗಲಿಲ್ಲ. ಟೈಲರಮ್ಮ ಒಲೆಯ ತಿರುಪು ವಾಪಸು ಕೊಡಲಾ ಅಂದಳು. ಇನ್ನೂ ಬೇಡ ಅಂದೆ. ಸುಳ್ಳು ಧೈರ್ಯ ಮಾಡುವುದನ್ನು ಬಿಟ್ಟಿದ್ದೇನೆ.

ಮಗುವನ್ನು ನೋಡುವ ಆಸೆ ಇದೆ. ಸಾಕುವ ಆಸೆಯಲ್ಲ, ನೋಡುವ ಆಸೆ. ನಿನ್ನ ಒಂದು ಕೋಣೆಯಲ್ಲಿ ನಾಲ್ಕು ದಿನ ನನಗೆ ಜಾಗವಿದ್ದರೆ ಹೇಳು, ಮುಂದಿನ ತಿಂಗಳು ಬರುತ್ತೇನೆ. ಟೈಲರಮ್ಮ ರೈಲು ಹತ್ತಿಸುತ್ತಾಳೆ, ನೀನು ಇಳಿಸಿಕೊಂಡರಾಯಿತು, ಮಧ್ಯದಲ್ಲಿ ನಾನು ಎಲ್ಲಿಗೂ ಹೋಗುವುದಿಲ್ಲ. ಬೆಳಿಗ್ಗೆ ಅವಳನ್ನು ಶಿಶುವಿಹಾರಕ್ಕೆ ಬಿಟ್ಟು ಬರುವುದು ನನ್ನ ಕೆಲಸವಾಗಲಿ. ಆ ಟೀಚರಿಗೆ ನಾನೊಂದು ನೋಟ್‌ಪುಸ್ತಕ ಹೊಲಿದು ತರುತ್ತೇನೆ, ಗಟ್ಟಿ ರಟ್ಟು ಹಾಕಿ.

ಚೀಟಿಯನ್ನು ಮೇಜಿನ ಮೇಲಿಟ್ಟುಕೊಂಡು ನಿನ್ನೆ ಮಧ್ಯಾಹ್ನ ಮತ್ತೆ ಓದಿದೆ. 1.10ರಿಂದ 2.55. ನಮ್ಮ ಮಗು ಮಲಗಿದ್ದಷ್ಟು ಹೊತ್ತೂ ಯಾರೋ ಒಬ್ಬರು ಪಕ್ಕದಲ್ಲಿ ಕೂತು ಗಡಿಯಾರ ನೋಡಿದ್ದಾರೆ. ಹಾಗೆ ನೋಡುವುದೇ ಅವರ ಕೆಲಸ. ಅದಕ್ಕೆಂದೇ ಅವರನ್ನು ಇಟ್ಟಿದ್ದಾರೆ. ಹಾಗಾದರೆ ಈ ಹೊತ್ತಿನಲ್ಲಿ ನಾನು ಎಚ್ಚರವಾಗಿರಬೇಕಾಗಿಲ್ಲ ಅನ್ನಿಸಿತು.

ಚಾಪೆ ಹಾಸಿಕೊಂಡು ಮಲಗಿದೆ. ಎದ್ದಾಗ ಐದೂವರೆಯಾಗಿತ್ತು.

ಅತ್ತೆ